ಪದರು ಎಣಿಸುವವರ ಪರವಾಗಿ

ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ಲೆಕ್ಕ ಮಾಡುತ್ತಾರೆ. ಪದರು ಶಿಲೆಗಳಲ್ಲಿ ಭೂಮಿಯ ಕಕ್ಷೆಯ ಚಕ್ರಗಳನ್ನು ಓದಿ ಕಾಲ ಹೇಳುವ ಭೂವಿಜ್ಞಾನಿಗಳ ಮೇಲಿರುವ ಹಳೆಯ ದೂರು ಇದು. ಅದರ ಹಿಂದೆಯೇ ಬೇರೆ ದೂರುಗಳೂ ಸಾಲುಗಟ್ಟುತ್ತವೆ. ಬಂಡೆಯಲ್ಲಿ ಉಳಿದದ್ದಕ್ಕಿಂತ ಅಳಿದದ್ದೇ ಹೆಚ್ಚು. ಚಕ್ರ ಹುಡುಕುವವರಿಗೆ ಎಲ್ಲೆಲ್ಲೂ ಚಕ್ರವೇ ಕಾಣುತ್ತದೆ. ಗ್ರಹಗಳ ಚಲನೆಯೇ ಐದಾರು ಕೋಟಿ ವರ್ಷಗಳ ಆಚೆ ಲೆಕ್ಕಕ್ಕೆ ಸಿಗುವುದಿಲ್ಲ. ಯುರೇನಿಯಂ, ಆರ್ಗಾನ್ ಗಡಿಯಾರಗಳಿರುವಾಗ ಇದೆಲ್ಲ ಏಕೆ? ಇವುಗಳಲ್ಲಿ ಕೆಲವನ್ನು ಎತ್ತಿದವರು ನುರಿತ ಭೂವಿಜ್ಞಾನಿಗಳೇ ಆದ್ದರಿಂದ ತಳ್ಳಿಹಾಕಿ ಮುಂದೆ ಹೋಗುವಂತಿಲ್ಲ, ಒಂದೊಂದಕ್ಕೂ ಉತ್ತರ ಕೊಡಬೇಕು. ಈ ವಿಧಾನ ಬೇರೆ ಗಡಿಯಾರಗಳ ಎದುರು ನಿಂತು ಪರೀಕ್ಷೆಗೆ ಒಡ್ಡಿಕೊಂಡಿದೆ, ಹಲವು ಸಲ ಗೆದ್ದಿದೆ, ಸೋತ ಕಡೆ ಸೋಲನ್ನು ಮುಚ್ಚಿಡಲು ಅದಕ್ಕೆ ಆಗಿಲ್ಲ. ಹಾಗಾಗಿಯೇ ನಾನು ಅದನ್ನು ನಂಬುತ್ತೇನೆ.

ವಿಧಾನದ ತಿರುಳು ಇಷ್ಟು. ಭೂಮಿಯ ಕಕ್ಷೆ ಒಮ್ಮೆ ಹೆಚ್ಚು ದುಂಡಗೆ, ಒಮ್ಮೆ ತುಸು ಉದ್ದಗೆ ಆಗುತ್ತದೆ. ಉತ್ಕೇಂದ್ರತೆಯ ಈ ಏರಿಳಿತಕ್ಕೆ ಸುಮಾರು 1 ಲಕ್ಷ ವರ್ಷದ ಚಕ್ರಗಳೂ 4 ಲಕ್ಷ 5 ಸಾವಿರ ವರ್ಷದ ಒಂದು ದೊಡ್ಡ ಚಕ್ರವೂ ಇವೆ. ಭೂಮಿಯ ಅಕ್ಷದ ಓರೆ ಸರಿಸುಮಾರು 22ರಿಂದ 24.5 ಡಿಗ್ರಿಗಳ ನಡುವೆ 41 ಸಾವಿರ ವರ್ಷಕ್ಕೊಮ್ಮೆ ತೂಗುತ್ತದೆ. ಅಯನ ಚಲನೆಯಿಂದಾಗಿ ಋತುಗಳು ಕಕ್ಷೆಯ ಸುತ್ತ ಸರಿಯುತ್ತವೆ. ಇದರ ಅವಧಿ 19ರಿಂದ 23 ಸಾವಿರ ವರ್ಷ. ಯಾವ ಅಕ್ಷಾಂಶಕ್ಕೆ ಯಾವ ಋತುವಿನಲ್ಲಿ ಎಷ್ಟು ಬಿಸಿಲು ಎಂಬುದನ್ನು ಈ ಮೂರೂ ಸೇರಿ ಬದಲಿಸುತ್ತವೆ. ಮಳೆ, ಹಿಮ, ಸಾಗರದ ಜೀವಿಗಳು ಅದಕ್ಕೆ ಸ್ಪಂದಿಸುತ್ತವೆ. ಕೆರೆಯ ತಳದಲ್ಲೋ ಸಮುದ್ರದ ತಳದಲ್ಲೋ ಸುಣ್ಣ ಹೆಚ್ಚಿದ ಪದರು, ಜೇಡಿ ಹೆಚ್ಚಿದ ಪದರು ಒಂದರ ಮೇಲೊಂದು ಕೂರುತ್ತವೆ. ಅಮೆರಿಕದ ಜಿ.ಕೆ. ಗಿಲ್ಬರ್ಟ್ 1895ರಲ್ಲೇ ಕೊಲರಾಡೋದ ಕ್ರಿಟೇಷಿಯಸ್ ಸುಣ್ಣಕಲ್ಲು ಮತ್ತು ಜೇಡಿಶಿಲೆಯ ಜೋಡಿಪದರುಗಳನ್ನು ಅಯನ ಚಲನೆಗೆ ಹೊಂದಿಸಿ ಕಾಲ ಅಳೆಯಲು ಹೊರಟಿದ್ದ. ವಿಕಿರಣಶೀಲತೆಯ ಪತ್ತೆಯೇ ಆಗಿರದಿದ್ದ ದಿನಗಳವು. ಆ ಒಂದು ಶಿಲಾಸಮೂಹಕ್ಕೇ ಅವನ ಲೆಕ್ಕದಲ್ಲಿ ಸುಮಾರು 2 ಕೋಟಿ ವರ್ಷ ಬಂತು. ಎರಡು ವರ್ಷಗಳ ನಂತರ ಲಾರ್ಡ್ ಕೆಲ್ವಿನ್ ಇಡೀ ಭೂಮಿಗೆ ಕೊಟ್ಟ ಆಯಸ್ಸು 2ರಿಂದ 4 ಕೋಟಿ ವರ್ಷ. ಯಾರ ಲೆಕ್ಕ ಸತ್ಯಕ್ಕೆ ಹತ್ತಿರವಿತ್ತು ಎಂಬುದು ಈಗ ಎಲ್ಲರಿಗೂ ಗೊತ್ತು.

ಈಗ ಆ ಮೊದಲ ದೂರಿಗೆ ಬರೋಣ. ಪದರುಗಳನ್ನು ಖಗೋಳ ಲೆಕ್ಕಕ್ಕೆ ಹೊಂದುವಂತೆ ಎಳೆದು ಕುಗ್ಗಿಸಿ, ಆಮೇಲೆ ನೋಡಿ, ಖಗೋಳ ಚಕ್ರವೇ ಸಿಕ್ಕಿತು ಎಂದರೆ ಅದು ಪುರಾವೆಯಲ್ಲ. ಆಕ್ಷೇಪಕರ ಈ ಮಾತು ಸಂಪೂರ್ಣ ಸರಿ. ಹೊಂದಾಣಿಕೆ ಮಾಡಿದ ಮೇಲೆ ಕಾಣುವ ಕೆಲವು ಲಕ್ಷಣಗಳನ್ನು ಆ ಹೊಂದಾಣಿಕೆಯೇ ಹುಟ್ಟಿಸಿರಬಹುದು ಎಂಬುದನ್ನು ಹವಾಮಾನ ವಿಜ್ಞಾನಿ ಪೀಟರ್ ಹೈಬರ್ಸ್‌ರಂಥವರು ಲೆಕ್ಕ ಹಾಕಿಯೇ ತೋರಿಸಿದ್ದಾರೆ. ಆದರೆ ಚಕ್ರಗಳಿವೆ ಎಂಬ ತೀರ್ಮಾನ ನಿಂತಿರುವುದು ಹೊಂದಾಣಿಕೆಯ ಮೇಲಲ್ಲ. ಜೇಮ್ಸ್ ಹೇಯ್ಸ್, ಜಾನ್ ಇಂಬ್ರಿ, ನಿಕೊಲಸ್ ಶ್ಯಾಕಲ್ಟನ್ 1976ರಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ತಳದಿಂದ ಕೊರೆದು ತೆಗೆದ ಎರಡು ಕೋರ್‌ಗಳನ್ನು, ಅಂದರೆ ಹೂಳಿನ ಕಂಬಗಳನ್ನು, ಓದಿದರು. ಮೊದಲು ಅವರು ಕೆಲವೇ ಕೆಲವು ಗುರುತುಬಿಂದುಗಳ ನಡುವೆ ಹೂಳು ಒಂದೇ ವೇಗದಲ್ಲಿ ಕೂತಿತೆಂದು ಸರಳವಾಗಿ ಹಿಡಿದು ಲೆಕ್ಕ ಮಾಡಿದರು. ಖಗೋಳ ವಕ್ರರೇಖೆಯನ್ನು ಆಗ ಮುಟ್ಟಿಯೇ ಇರಲಿಲ್ಲ. ಆ ಕಚ್ಚಾ ಲೆಕ್ಕದಲ್ಲೇ ಸುಮಾರು 1 ಲಕ್ಷ, 42 ಸಾವಿರ, 23 ಸಾವಿರ ವರ್ಷಗಳ ಆವರ್ತಗಳು ಎದ್ದು ಕಂಡವು. ಹೊಂದಾಣಿಕೆ ಬಂದದ್ದು ಆಮೇಲೆ. ಮುಂದೆ 2004ರಲ್ಲಿ ಹೈಬರ್ಸ್ ಮತ್ತು ಕಾರ್ಲ್ ವುನ್ಶ್ ಖಗೋಳ ಹೊಂದಾಣಿಕೆಯನ್ನು ಪೂರ್ತಿ ಬದಿಗಿಟ್ಟು ಬರೀ ಆಳದ ಲೆಕ್ಕದಿಂದ ಕಾಲಮಾನ ಕಟ್ಟಿದರು. ಈ ಇಬ್ಬರೂ ಕಕ್ಷಾಸಿದ್ಧಾಂತವನ್ನು ಕುರುಡಾಗಿ ಒಪ್ಪಿದವರಲ್ಲ, ಕಟುವಾಗಿ ಪರೀಕ್ಷಿಸಿದವರು. ಅವರ ಲೆಕ್ಕದಲ್ಲೂ ಅಕ್ಷದ ಓರೆಯ ಗುರುತು ಅಳಿಯಲಿಲ್ಲ.

ಇನ್ನೂ ಹಿಂದಿನ ಕಾಲದ ಬಂಡೆಗಳಲ್ಲಿ ಅನುಪಾತವೇ ಸಾಕ್ಷಿ. 405, 100, 41, 20 ಸಾವಿರ ವರ್ಷಗಳ ಚಕ್ರಗಳು ಸರಿಸುಮಾರು 20:5:2:1 ಲೆಕ್ಕದಲ್ಲಿವೆ. ಹೂಳು ಒಂದೇ ಸಮನೆ ಕೂತಿದ್ದರೆ ಪದರುಗಳ ದಪ್ಪದಲ್ಲೂ ಇದೇ ಅನುಪಾತ ಸಿಗಬೇಕು. ವರ್ಷದ ಲೆಕ್ಕ ಗೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ, ಅಳತೆಪಟ್ಟಿ ಸಾಕು.

ಈ ಆಕ್ಷೇಪಕ್ಕೆ ನನ್ನ ಬಲವಾದ ಉತ್ತರ ಬೇರೆಯೇ ಇದೆ. ವೃತ್ತದೊಳಗೇ ಸುತ್ತುವ ವಾದ ಹೊರಗಿನ ಪ್ರಪಂಚದ ಬಗ್ಗೆ ಹೊಸದೇನನ್ನೂ ಹೇಳಲಾರದು. ಈ ವಿಧಾನ ಹೇಳಿದೆ, ಅದೂ ಎಲ್ಲರ ವಿರುದ್ಧ ನಿಂತು. ಭೂಮಿಯ ಕಾಂತಧ್ರುವಗಳು ಕೊನೆಯ ಸಲ ಅದಲುಬದಲಾದದ್ದು 7 ಲಕ್ಷ 30 ಸಾವಿರ ವರ್ಷಗಳ ಹಿಂದೆ ಎಂದು ಪೊಟ್ಯಾಸಿಯಂ-ಆರ್ಗಾನ್ ವಿಧಾನ ಹೇಳುತ್ತಿತ್ತು, ಪಠ್ಯಪುಸ್ತಕಗಳೂ ಅದನ್ನೇ ಅಚ್ಚು ಹಾಕುತ್ತಿದ್ದವು. ಶ್ಯಾಕಲ್ಟನ್ ಮತ್ತು ಜೊತೆಗಾರರು 1990ರಲ್ಲಿ ಸಾಗರತಳದ ಚಕ್ರಗಳನ್ನು ಎಣಿಸಿ, ಅದು 7 ಲಕ್ಷ 80 ಸಾವಿರ ಆಗಬೇಕು, ವಿಕಿರಣ ಲೆಕ್ಕದಲ್ಲೇ ತಪ್ಪಿದೆ ಎಂದರು. ಒಪ್ಪುವವರು ಕಡಿಮೆ ಇದ್ದರು. ಕೆಲವೇ ವರ್ಷಗಳಲ್ಲಿ ಹೆಚ್ಚು ನಿಖರವಾದ ಆರ್ಗಾನ್-ಆರ್ಗಾನ್ ಅಳತೆಗಳು ಬಂದು 7 ಲಕ್ಷ 80 ಸಾವಿರದ ಆಸುಪಾಸಿಗೇ ನಿಂತವು. ಈಗಿನ ಸೂಕ್ಷ್ಮ ಲೆಕ್ಕ ಅದಕ್ಕಿಂತ ಆರೇಳು ಸಾವಿರ ವರ್ಷ ಕಡಿಮೆ ಇದೆ, 50 ಸಾವಿರವಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತೇವಲ್ಲ, ಇಲ್ಲಿ ಪ್ರಮಾಣಿಸಿ ನೋಡಿದ್ದು ಎದುರು ಪಕ್ಷದ ಗಡಿಯಾರವೇ.

ನಮ್ಮಲ್ಲಿ ಪಂಚಾಂಗ ಬಲ್ಲವರು ಕೇಳುವ ಒಂದು ಪ್ರಶ್ನೆಯನ್ನು ಇಲ್ಲೇ ತೆಗೆದುಕೊಳ್ಳುತ್ತೇನೆ. ಅಯನ ಚಲನೆಯ ಅವಧಿ ಸುಮಾರು 26 ಸಾವಿರ ವರ್ಷ, ಈ ಭೂವಿಜ್ಞಾನಿಗಳು 21 ಸಾವಿರ ಎನ್ನುತ್ತಾರೆ, ಯಾವುದು ಸರಿ? ಎರಡೂ ಸರಿ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ. ನಕ್ಷತ್ರಗಳ ಲೆಕ್ಕದ ಮಕರ ಸಂಕ್ರಾಂತಿ ಬರುವುದು ಜನವರಿ 14-15ಕ್ಕೆ. ಈ ಅಂತರ ಬೆಳೆಯುತ್ತಾ ನಕ್ಷತ್ರಗಳ ಎದುರು ಒಂದು ಪೂರ್ತಿ ಸುತ್ತು ಮುಗಿಯಲು ಸುಮಾರು 26 ಸಾವಿರ ವರ್ಷ ಬೇಕು. ಆದರೆ ಬಿಸಿಲಿಗೆ ನಕ್ಷತ್ರಗಳ ಹಂಗಿಲ್ಲ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವ ಬಿಂದು ಯಾವ ಋತುವಿನಲ್ಲಿದೆ ಎಂಬುದಷ್ಟೇ ಅದಕ್ಕೆ ಮುಖ್ಯ. ಈಗ ಅದು ಜನವರಿ ಮೊದಲ ವಾರದಲ್ಲಿದೆ. ಆ ಬಿಂದುವೂ ಸುಮ್ಮನೆ ನಿಂತಿಲ್ಲ. ಗ್ರಹಗಳ ಸೆಳೆತಕ್ಕೆ ಸಿಕ್ಕಿ ಸುಮಾರು 1 ಲಕ್ಷ 12 ಸಾವಿರ ವರ್ಷಕ್ಕೊಂದು ಸುತ್ತು ಎದುರು ದಿಕ್ಕಿನಲ್ಲಿ ತಿರುಗುತ್ತಿದೆ. ಎದುರುಬದುರಾಗಿ ನಡೆಯುವ ಇಬ್ಬರು ಬೇಗ ಭೇಟಿಯಾಗುತ್ತಾರೆ, ಹಾಗಾಗಿ ಋತು ಮತ್ತು ಆ ಬಿಂದು ಮತ್ತೆ ಕೂಡಲು 26 ಸಾವಿರ ವರ್ಷ ಬೇಕಿಲ್ಲ, ಸುಮಾರು 21 ಸಾವಿರ ಸಾಕು. ಆ ಬಿಂದುವಿನ ನಡಿಗೆ ಒಂದೇ ವೇಗದ್ದಲ್ಲವಾದ್ದರಿಂದ ಬಂಡೆಯಲ್ಲಿ 19 ಮತ್ತು 23 ಸಾವಿರದ ಎರಡು ಶಿಖರಗಳು ಕಾಣುತ್ತವೆ. 1976ರ ಕೋರ್‌ಗಳಲ್ಲಿ ಈ ಇಬ್ಭಾಗವೂ ಸಿಕ್ಕಿತ್ತು. ಕಲ್ಪನೆಯಿಂದ ಚಕ್ರ ಹುಟ್ಟಿಸುವವರಿಗೆ ಇಂಥ ವಿವರ ಹೊಳೆಯುವುದಿಲ್ಲ.

ಕಕ್ಷೆಯ ಆಕಾರ ಬದಲಾದರೆ ವರ್ಷದ ಒಟ್ಟು ಬಿಸಿಲು ಶೇಕಡಾ ಅರ್ಧದಷ್ಟೂ ಬದಲಾಗುವುದಿಲ್ಲ, ಅಷ್ಟರಿಂದ ಬಂಡೆಯಲ್ಲಿ ಗುರುತು ಮೂಡುವುದು ಹೇಗೆ ಎಂಬುದು ಮುಂದಿನ ವಾದ. ವರ್ಷದ ಸರಾಸರಿ ನೋಡಿದರೆ ಏನೂ ಕಾಣದು, ಋತುವನ್ನು ನೋಡಬೇಕು. ಉತ್ತರದ ಎತ್ತರದ ಅಕ್ಷಾಂಶಗಳಲ್ಲಿ ಬೇಸಿಗೆಯ ಬಿಸಿಲು ಚದರ ಮೀಟರಿಗೆ 100 ವ್ಯಾಟ್‌ನಷ್ಟು ಏರಿಳಿಯಬಲ್ಲದು. ಮುಂಗಾರನ್ನೇ ನೆಚ್ಚಿ ಬದುಕುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನೆಲ ಎಷ್ಟು ಕಾಯುತ್ತದೋ ಸಮುದ್ರದ ಗಾಳಿ ಅಷ್ಟು ಬಲವಾಗಿ ಒಳನುಗ್ಗುತ್ತದೆ. ಸುಮಾರು 11 ಸಾವಿರ ವರ್ಷಗಳ ಹಿಂದೆ ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುತ್ತಿದ್ದದ್ದು ಉತ್ತರಾರ್ಧದ ಬೇಸಿಗೆಯಲ್ಲಿ. ಆ ಕಾಲದಲ್ಲಿ ಆಫ್ರಿಕದ ಮಳೆ ಉತ್ತರಕ್ಕೆ ಚಾಚಿಕೊಂಡು ಸಹಾರಾದಲ್ಲಿ ಹುಲ್ಲು ಬೆಳೆಯಿತು, ಕೆರೆಗಳು ತುಂಬಿದವು. ನೈಲ್ ನದಿ ಸಿಹಿನೀರನ್ನು ಮೆಡಿಟರೇನಿಯನ್‌ಗೆ ತಂದು ಸುರಿಯಿತು. ಹಗುರವಾದ ಸಿಹಿನೀರು ಮೇಲೆ ಹರಡಿ ಆಮ್ಲಜನಕ ಕೆಳಗಿಳಿಯದಂತಾಯಿತು, ತಳದಲ್ಲಿ ಕೊಳೆಯದೆ ಉಳಿದ ಜೈವಿಕ ವಸ್ತುವಿನ ಕಪ್ಪು ಪದರು ಕೂತಿತು. ಅದೇ ಸ್ಯಾಪ್ರೊಪೆಲ್. ಇಂಥ ಕಪ್ಪು ಪದರುಗಳೂ ಅವುಗಳ ಜೊತೆಗಿರುವ ಬಣ್ಣಬದಲಿನ ಪದರುಗಳೂ ಸಿಸಿಲಿ, ಕಲಾಬ್ರಿಯಾಗಳ ಕಡಲಂಚಿನ ಬಂಡೆಗಳಲ್ಲಿ ಬರಿಗಣ್ಣಿಗೇ ಕಾಣುತ್ತವೆ. ಉತ್ಕೇಂದ್ರತೆ ಹೆಚ್ಚಿದ್ದಾಗ ಅವು ಗುಂಪುಗೂಡಿ ದಟ್ಟವಾಗುತ್ತವೆ, ಕಡಿಮೆಯಾದಾಗ ಮಸುಕಾಗುತ್ತವೆ, ಸಿದ್ಧಾಂತ ಹೇಳಿದಂತೆಯೇ. ಫ್ರಿಟ್ಸ್ ಹಿಲ್ಗೆನ್ 1991ರಲ್ಲಿ ಈ ಗುಂಪುಗಳನ್ನು ಹಿಡಿದೇ ಪ್ಲಯೊಸೀನ್ ಯುಗದ ತಳದವರೆಗೆ ಲೆಕ್ಕ ಇಳಿಸಿದರು. ಆ ತಳದ ವಯಸ್ಸು 53 ಲಕ್ಷ 33 ಸಾವಿರ ವರ್ಷ ಎಂದು ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುವುದು ಈ ಎಣಿಕೆಯಿಂದಲೇ.

ಬಂಡೆ ಪೂರ್ಣ ದಾಖಲೆಯಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಭೂವಿಜ್ಞಾನಿ ಡೆರೆಕ್ ಏಜರ್ ಅದನ್ನು ಜೀವನವಿಡೀ ಸಾರಿದರು. ಅಳೆಯುವ ಅವಧಿ ಉದ್ದವಾದಷ್ಟೂ ಹೂಳಿನ ಸರಾಸರಿ ವೇಗ ತಗ್ಗುತ್ತದೆ, ಅಂದರೆ ನಡುವೆ ಖಾಲಿಗಳು ಅಡಗಿವೆ ಎಂದು ಪೀಟರ್ ಸ್ಯಾಡ್ಲರ್ 1981ರಲ್ಲಿ ಅಂಕಿಗಳೊಂದಿಗೆ ತೋರಿಸಿದರು. ನದೀಮುಖಜ ಭೂಮಿ, ಮರಳ ದಂಡೆ, ಆಳವಿಲ್ಲದ ಕಡಲು ಇಂಥ ಕಡೆಗಳಿಗೆ ಈ ಮಾತು ಅಕ್ಷರಶಃ ಹೊಂದುತ್ತದೆ, ಅಲ್ಲಿ ಒಂದು ಪ್ರವಾಹ ಕೂರಿಸಿದ್ದನ್ನು ಇನ್ನೊಂದು ಕೊಚ್ಚುತ್ತದೆ. ಅದನ್ನೇ ಆಳ ಸಮುದ್ರದ ತಳಕ್ಕೆ ಹಾಗೆಯೇ ಹೊರಿಸುವುದನ್ನು ಮಾತ್ರ ನಾನು ಒಪ್ಪಲಾರೆ. ಅಲ್ಲಿ ಸೂಕ್ಷ್ಮಜೀವಿಗಳ ಚಿಪ್ಪುಗಳು ಸಾವಿರ ವರ್ಷಕ್ಕೆ ಒಂದೆರಡು ಸೆಂಟಿಮೀಟರಿನಂತೆ ಇಳಿದು ಕೂರುತ್ತವೆ. ಅಲ್ಲೂ ಖಾಲಿಗಳು ಇರಬಹುದು ಎಂದೇ ಸಾಗರತಳ ಕೊರೆಯುವವರು ಒಂದೇ ಜಾಗದಲ್ಲಿ ಎರಡು ಮೂರು ಕುಳಿ ತೋಡಿ, ಒಂದರಲ್ಲಿ ತಪ್ಪಿದ್ದನ್ನು ಪಕ್ಕದ್ದರಿಂದ ತುಂಬುತ್ತಾರೆ. ಹಾಗೆ ಹೆಣೆದ ಸಾಲನ್ನು ಬೇರೆ ಸಾಗರದ ಸಾಲಿನೊಂದಿಗೆ, ಆಮೇಲೆ ಸ್ಪೇನಿನ ಸುಮಾಯಾ ಕಡಲಂಚಿನಂಥ ನೆಲದ ಮೇಲಿನ ಬಂಡೆಯೊಂದಿಗೆ ಹೋಲಿಸುತ್ತಾರೆ. ದಕ್ಷಿಣ ಅಟ್ಲಾಂಟಿಕ್‌ನಲ್ಲೂ ಪೆಸಿಫಿಕ್‌ನಲ್ಲೂ ಸ್ಪೇನಿನಲ್ಲೂ ಎಣಿಕೆ ಒಂದೇ ಬಂದರೆ, ಮೂರೂ ಕಡೆ ಅದೇ ಪದರೇ ಕಾಣೆಯಾಗಿದೆ ಎಂದು ವಾದಿಸುವ ಹೊಣೆ ಆಕ್ಷೇಪಕರದು.

ಇನ್ನು ಗದ್ದಲದ ಪ್ರಶ್ನೆ. ಜಾತ್ರೆಯ ಗಲಾಟೆಯಲ್ಲಿ ಯಾರೋ ನಮ್ಮ ಹೆಸರು ಕೂಗಿದಂತೆ ಕೇಳಿಸುವ ಹಾಗೆ, ಅಡ್ಡಾದಿಡ್ಡಿ ಏರಿಳಿತದಲ್ಲೂ ಆವರ್ತ ಇದ್ದಂತೆ ತೋರಬಹುದು. ಸೈಮನ್ ವಾನ್, ರಾಬಿನ್ ಬೈಲಿ, ಡೇವಿಡ್ ಸ್ಮಿತ್ 2011ರಲ್ಲಿ ಇದನ್ನು ಗಣಿತದ ಭಾಷೆಯಲ್ಲೇ ಹೇಳಿದರು. ನೂರು ಆವರ್ತಗಳನ್ನು ಪರೀಕ್ಷಿಸಿ ಶೇಕಡಾ 95ರ ಗೆರೆ ಎಳೆದರೆ ಐದು ಬರೀ ಆಕಸ್ಮಿಕವಾಗಿ ಗೆರೆ ದಾಟುತ್ತವೆ, ಅವನ್ನೇ ಕಕ್ಷೆಯ ಚಕ್ರ ಎನ್ನಬೇಡಿ ಎಂಬುದು ಅವರ ಎಚ್ಚರಿಕೆ. ಬೇಕಾಗಿದ್ದ ಎಚ್ಚರಿಕೆಯದು. ಹಳೆಯ ಎಷ್ಟೋ ಪ್ರಬಂಧಗಳು ಆ ಗೆರೆಯ ಮೇಲೆ ಹೆಚ್ಚು ಭಾರ ಹಾಕಿದ್ದವು. ಆದರೆ ಒಂಟಿ ಶಿಖರದ ವಿರುದ್ಧದ ವಾದವನ್ನು ಇಡೀ ವಿಧಾನದ ವಿರುದ್ಧ ತಿರುಗಿಸಲಾಗದು. ಇಂದಿನ ಪರೀಕ್ಷೆಗಳು ಶಿಖರಗಳ ಪರಸ್ಪರ ಅನುಪಾತ, ಚಿಕ್ಕ ಚಕ್ರದ ಎತ್ತರವನ್ನು ದೊಡ್ಡ ಚಕ್ರ ಏರಿಳಿಸುವ ರೀತಿ, ಹೊರಗಿನ ವಯಸ್ಸುಗಳು ಇವನ್ನೆಲ್ಲ ಒಟ್ಟಿಗೆ ಕೇಳುತ್ತವೆ. ಆಕಸ್ಮಿಕಕ್ಕೆ ಒಂದನ್ನು ಅನುಕರಿಸಲು ಸುಲಭ, ಎಲ್ಲವನ್ನೂ ಒಮ್ಮೆಗೆ ಅನುಕರಿಸುವುದು ಬಹಳ ಕಷ್ಟ. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ 2018ರಲ್ಲಿ ಈ ಕ್ಷೇತ್ರದವರೇ ತಮ್ಮನ್ನು ಪರೀಕ್ಷೆಗೆ ಒಡ್ಡಿಕೊಂಡರು. ಉತ್ತರ ಗೊತ್ತಿರುವ ಕೃತಕ ದತ್ತಾಂಶಗಳನ್ನು ಹಂಚಿ, ಬೇರೆ ಬೇರೆಯವರು ಸ್ವತಂತ್ರವಾಗಿ ಬಿಡಿಸಿದರು. ಬಹುಪಾಲು ಉತ್ತರಗಳು ನಿಜಕ್ಕೆ ಹತ್ತಿರ ಬಂದವು, ಎಲ್ಲಿ ಎಡವಿದರು ಎಂಬುದೂ ಪ್ರಕಟವಾಯಿತು.

ಎಡವಿದ ದೊಡ್ಡ ಉದಾಹರಣೆ ಲಾಟೆಮಾರ್. ಆಕ್ಷೇಪಕರು ಅದನ್ನು ಎತ್ತಿಯೇ ಎತ್ತುತ್ತಾರೆ, ಎತ್ತಬೇಕು. ಇಟಲಿಯ ಡಾಲಮೈಟ್ ಪರ್ವತಗಳಲ್ಲಿ ಟ್ರಯಾಸಿಕ್ ಕಾಲದ ಸುಣ್ಣಕಲ್ಲಿನ ಆ ಗುಡ್ಡದಲ್ಲಿ ಸುಮಾರು 600 ಪದರುಚಕ್ರಗಳಿವೆ. 1987ರಲ್ಲಿ ಅವನ್ನು ಅಯನ ಚಲನೆಯ ಚಕ್ರಗಳೆಂದು ಹಿಡಿದಾಗ ಗುಡ್ಡ ಬೆಳೆಯಲು 1.2 ಕೋಟಿ ವರ್ಷ ಬೇಕಾಯಿತು. ಜಿರ್ಕಾನ್ ಹರಳುಗಳ ಯುರೇನಿಯಂ-ಸೀಸ ವಯಸ್ಸುಗಳು ಬಂದಾಗ ಅದರ ಸಣ್ಣ ಪಾಲು ಕಾಲವಷ್ಟೇ ಉಳಿಯಿತು. ವರ್ಷಗಟ್ಟಲೆ ಜಗಳ ನಡೆಯಿತು. ಆ ಪದರುಗಳು ಹೆಚ್ಚು ಬೇಗ ಕೂತವು, ಅವು ಅಯನ ಚಲನೆಯ ಚಕ್ರಗಳಲ್ಲ ಎಂದು 2004ರಲ್ಲಿ ಕಾಂತೀಯ ದಾಖಲೆಯಿಂದ ತೋರಿಸಿದವರಲ್ಲಿ ಒಬ್ಬರು ಡೆನಿಸ್ ಕೆಂಟ್. ಕಕ್ಷಾಚಕ್ರಗಳ ಎಣಿಕೆಯಲ್ಲೂ ದೀರ್ಘಕಾಲ ದುಡಿದ ವಿಜ್ಞಾನಿ ಅವರು. ಪಕ್ಷ ಕಟ್ಟಿಕೊಂಡವರು ಹಾಗೆ ಮಾಡುವುದಿಲ್ಲ. ಯಾವ ಉತ್ತರ ಬಂದರೂ ಒಪ್ಪಿಬಿಡುವ ವಿಧಾನವಾಗಿದ್ದರೆ ಲಾಟೆಮಾರ್ ಇಂದಿಗೂ 1.2 ಕೋಟಿ ವರ್ಷದ ಗುಡ್ಡವಾಗಿಯೇ ಇರುತ್ತಿತ್ತು.

ಗ್ರಹಗಳ ಗೊಂದಲದ ವಾದ ಎಲ್ಲಕ್ಕಿಂತ ಚೆಂದದ್ದು. ಒಳಗಿನ ಗ್ರಹಗಳ ಚಲನೆ ಅಸ್ತವ್ಯಸ್ತತೆಗೆ ಒಳಪಟ್ಟಿದೆ, ಇಂದಿನ ಸ್ಥಾನದಲ್ಲಿ ಕೂದಲೆಳೆಯ ತಪ್ಪಿದ್ದರೂ 5-6 ಕೋಟಿ ವರ್ಷಗಳ ಹಿಂದಕ್ಕೆ ಹೋದರೆ ಲೆಕ್ಕ ಕುಸಿಯುತ್ತದೆ. ಇದನ್ನು ಕಂಡುಹಿಡಿದವರು ಫ್ರಾನ್ಸಿನ ಜಾಕ್ ಲಾಸ್ಕರ್, ಭೂವಿಜ್ಞಾನಿಗಳು ಬಳಸುವ ಕಕ್ಷಾಲೆಕ್ಕಗಳನ್ನು ಮಾಡಿಕೊಟ್ಟವರೂ ಅವರೇ. ಹಾಗಾದರೆ ಡೈನೊಸಾರ್ ಕಾಲದ ಎಣಿಕೆಗೆ ಆಧಾರವೇನು? ಆಧಾರ 4 ಲಕ್ಷ 5 ಸಾವಿರದ ಚಕ್ರ. ಅದು ಹುಟ್ಟುವುದು ಶುಕ್ರ ಮತ್ತು ಗುರು ಗ್ರಹಗಳ ಕಕ್ಷೆಗಳ ತಿರುಗುವಿಕೆಯಿಂದ. ಗುರುವಿನ ಅಗಾಧ ತೂಕ ಅದನ್ನು ಅಲುಗದಂತೆ ಹಿಡಿದಿದೆ ಎಂದು ಸಿದ್ಧಾಂತ ಹೇಳುತ್ತಿತ್ತು. ಭೂವಿಜ್ಞಾನಿಗಳು ಸಿದ್ಧಾಂತವನ್ನು ನಂಬಿ ಕೂರಲಿಲ್ಲ. ಪಾಲ್ ಓಲ್ಸೆನ್ ಮತ್ತು ಕೆಂಟ್ ನ್ಯೂಜೆರ್ಸಿಯ ನ್ಯೂವಾರ್ಕ್ ಪ್ರದೇಶದಲ್ಲಿ ಟ್ರಯಾಸಿಕ್ ಕಾಲದ ಮಹಾಕೆರೆಯ ಹೂಳನ್ನು 6 ಸಾವಿರ ಮೀಟರಿಗೂ ಹೆಚ್ಚು ಉದ್ದದ ಕೋರ್‌ಗಳಾಗಿ ಎತ್ತಿದ್ದರು. ಕೆರೆ ತುಂಬಿ ಬತ್ತಿದ ಚಕ್ರಗಳು ಅಲ್ಲಿ ಸಾಲಾಗಿವೆ, ವಯಸ್ಸು ಹೇಳುವ ಜ್ವಾಲಾಮುಖಿ ಬೂದಿ ಮಾತ್ರ ಇಲ್ಲ. ಅರಿಜೋನಾದ ಪೆಟ್ರಿಫೈಡ್ ಫಾರೆಸ್ಟ್‌ನಲ್ಲಿ ಜಿರ್ಕಾನ್ ಇದೆ. ಅಲ್ಲೂ ಕೊರೆದು, ಕಾಂತಧ್ರುವ ಪಲ್ಲಟಗಳ ಮೂಲಕ ಎರಡನ್ನೂ ಹೊಂದಿಸಿದರು. 2018ರಲ್ಲಿ ಬಂದ ಫಲಿತಾಂಶದ ಪ್ರಕಾರ 21.5 ಕೋಟಿ ವರ್ಷಗಳ ಹಿಂದೆಯೂ ಆ ಚಕ್ರ 4 ಲಕ್ಷ 5 ಸಾವಿರವೇ ಆಗಿತ್ತು. ಮರುವರ್ಷ ಅದೇ ಕೋರ್‌ಗಳು ಇನ್ನೊಂದು ಸಂಗತಿ ಹೇಳಿದವು. ಭೂಮಿ ಮತ್ತು ಮಂಗಳದ ನಡುವಿನ ಒಂದು ದೀರ್ಘ ಚಕ್ರ ಇಂದು 24 ಲಕ್ಷ ವರ್ಷದ್ದು, ಆಗ ಅದು ಸುಮಾರು 17.5 ಲಕ್ಷ ವರ್ಷದ್ದಾಗಿತ್ತು. ಅಸ್ತವ್ಯಸ್ತತೆ ನಿಜವೆಂಬುದಕ್ಕೆ ಇದು ಬಂಡೆಯ ಸಾಕ್ಷಿ. ಗಣಿತ ಕೈಬಿಟ್ಟ ಕಡೆ ಗ್ರಹಗಳ ಹಳೆಯ ನಡೆಯನ್ನು ತಿಳಿಯಲು ಖಗೋಳವಿಜ್ಞಾನಿಗಳೇ ಈಗ ಬಂಡೆಯ ಬಳಿ ಬರುತ್ತಿದ್ದಾರೆ. ಇದನ್ನು ಓದಿದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಚಂದ್ರನ ಮಾತೂ ಇದಕ್ಕೇ ಸೇರಿದ್ದು. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ, ಹಾಗಾಗಿ ಅಯನ ಚಲನೆಯ ಅವಧಿ ಹಿಂದೆ ಬೇರೆಯಿತ್ತು ಎಂಬುದು ನಿಜ. ಇಂದಿನ ಉಬ್ಬರವಿಳಿತದ ಸೆಳೆತವನ್ನೇ ಹಿಡಿದು ಹಿಂದಕ್ಕೆ ಎಣಿಸಿದರೆ ಸುಮಾರು 150 ಕೋಟಿ ವರ್ಷಗಳ ಹಿಂದೆ ಚಂದ್ರ ಭೂಮಿಗೆ ಬಡಿದಿರಬೇಕಾಗುತ್ತದೆ, ಇದು ಅಸಾಧ್ಯ. ಸ್ಟೀಫನ್ ಮೈಯರ್ಸ್ ಮತ್ತು ಆಲ್ಬರ್ಟೊ ಮಲಿನ್ವೆರ್ನೊ ಉತ್ತರ ಚೀನಾದ 140 ಕೋಟಿ ವರ್ಷ ಹಳೆಯ ಶಿಯಾಮಾಲಿಂಗ್ ಶಿಲೆಗಳ ಚಕ್ರಗಳನ್ನು ಓದಿ, ಆಗ ದಿನಕ್ಕೆ ಸುಮಾರು 18.7 ಗಂಟೆ, ಚಂದ್ರ ಇದ್ದದ್ದು 3 ಲಕ್ಷ 41 ಸಾವಿರ ಕಿಲೋಮೀಟರ್ ದೂರದಲ್ಲಿ ಎಂದು 2018ರಲ್ಲಿ ಹೇಳಿದರು. ಮಾರ್ಗ್ರೀಟ್ ಲಾಂಟಿಂಕ್ ತಂಡ 2022ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಜಾಫ್ರಿ ಕಮರಿಯ 246 ಕೋಟಿ ವರ್ಷ ಹಳೆಯ ಪಟ್ಟಿ ಕಬ್ಬಿಣದ ಶಿಲೆಗಳಲ್ಲಿ ಸುಮಾರು 17 ಗಂಟೆಯ ದಿನವನ್ನು ಕಂಡಿತು. ಸಂಡೂರಿನ ಬೆಟ್ಟಗಳಲ್ಲಿರುವ ಅದಿರೂ ಇಂಥದೇ ಪಟ್ಟಿ ಕಬ್ಬಿಣದ ಶಿಲೆಯ ಸಂತತಿ. ಚಂದ್ರ ದೂರ ಸರಿಯುವುದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂಬ ದೂರಿಗೆ ಈ ಎರಡು ಅಧ್ಯಯನ ಸಾಕು.

ಯುರೇನಿಯಂ, ಆರ್ಗಾನ್ ಗಡಿಯಾರಗಳಿದ್ದರೆ ಸಾಲದೇ ಎನ್ನುವವರಿಗೆ ಎರಡು ಮಾತು. ಆರ್ಗಾನ್ ವಿಧಾನ ತನ್ನ ಅಳತೆಗೆ ಕೊಲರಾಡೋದ ಫಿಶ್ ಕ್ಯಾನ್ಯನ್ ಜ್ವಾಲಾಮುಖಿ ಶಿಲೆಯನ್ನು ಮಾನದಂಡವಾಗಿ ಇಟ್ಟುಕೊಂಡಿದೆ. ಅದರ ವಯಸ್ಸು 2.802 ಕೋಟಿ ವರ್ಷ ಎಂದಿತ್ತು. ಕ್ಲೌಡಿಯಾ ಕೈಪರ್ ಮತ್ತು ಜೊತೆಗಾರರು ಮೊರಾಕೊದ ಕಡಲಪದರುಗಳ ನಡುವೆ ಕೂತ ಬೂದಿಯನ್ನು ಕಕ್ಷಾಎಣಿಕೆಗೆ ಹಿಡಿದು 2008ರಲ್ಲಿ ಅದನ್ನು 2.82 ಕೋಟಿಗೆ ತಿದ್ದಿದರು. ಆ ಒಂದು ತಿದ್ದುಪಡಿಯಿಂದ ಡೈನೊಸಾರ್‌ಗಳ ಅಳಿವಿನ ಗಡಿ 6.55 ಕೋಟಿಯಿಂದ 6.6 ಕೋಟಿಗೆ ಸರಿಯಿತು.

ಇನ್ನೊಂದು ಮಾತು ನಮ್ಮ ನೆಲದ್ದು. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಗಳ ಕಪ್ಪು ನೆಲದ ಕೆಳಗಿರುವುದು ಆ ಅಳಿವಿನ ಆಚೀಚೆ ಹರಿದ ದಖನ್ ಲಾವಾ. ಅದು ಅಳಿವಿಗೆ ಕಾರಣವೋ, ಮೆಕ್ಸಿಕೊದಲ್ಲಿ ಬಿದ್ದ ಕ್ಷುದ್ರಗ್ರಹವೋ ಎಂಬ ವಾದ ಹಳೆಯದು. 2019ರಲ್ಲಿ ಜಿರ್ಕಾನ್ ಅಳೆದ ತಂಡ ಗಡಿಗೆ ತುಸು ಮುಂಚೆಯೇ ದೊಡ್ಡದೊಂದು ಉಕ್ಕು ಇತ್ತೆಂದಿತು. ಆರ್ಗಾನ್ ಅಳೆದ ತಂಡ ಹೆಚ್ಚಿನ ಲಾವಾ ಹರಿದದ್ದು ಗಡಿಯ ನಂತರ ಎಂದಿತು. ಎರಡೂ ವಿಕಿರಣ ಗಡಿಯಾರಗಳೇ, ಎರಡೂ ಶ್ರದ್ಧೆಯ ಕೆಲಸಗಳೇ. ಆದರೂ ಲಾವಾದ ವಯಸ್ಸಷ್ಟರಿಂದಲೇ ಹವೆಗೆ ಏನಾಯಿತೆಂದು ತಿಳಿಯುವುದಿಲ್ಲ, ಅದು ಸಾಗರತಳದ ಪದರುಗಳಲ್ಲಿದೆ. ದಕ್ಷಿಣ ಅಟ್ಲಾಂಟಿಕ್‌ನ ವಾಲ್ವಿಸ್ ದಿಬ್ಬದ ಕೋರ್‌ಗಳಲ್ಲಿ ಉತ್ಕೇಂದ್ರತೆಯ ಚಕ್ರಗಳನ್ನು ಎಣಿಸಿ ಕಾಲಮಾನ ಕಟ್ಟಿದ್ದಾರೆ. ಗಡಿಗೆ ಮುಂಚೆ ಸಾಗರ ಸುಮಾರು 2 ಡಿಗ್ರಿ ಕಾದು, ಕ್ಷುದ್ರಗ್ರಹ ಬೀಳುವುದಕ್ಕೆ 2 ಲಕ್ಷ ವರ್ಷದಷ್ಟು ಮೊದಲೇ ಮತ್ತೆ ತಣಿದಿತ್ತು ಎಂದು ಪಿಂಚೆಲ್ಲಿ ಹಲ್ ಮತ್ತು ಜೊತೆಗಾರರು 2020ರಲ್ಲಿ ತೋರಿಸಿದ್ದು ಇಂಥ ಕೋರ್‌ಗಳ ಬಲದಿಂದ. ದಖನ್ನಿನ ಯಾವ ಲಾವಾ ಆ ಕಾವಿಗೆ ಕಾರಣ ಎಂಬ ಜಗಳ ಇನ್ನೂ ಮುಗಿದಿಲ್ಲ. ಅದರ ತೀರ್ಮಾನಕ್ಕೆ ನಮ್ಮ ಬಸಾಲ್ಟಿನ ಹರಳುಗಳೂ ಬೇಕು, ಅಟ್ಲಾಂಟಿಕ್ ತಳದ ಪದರುಗಳ ಎಣಿಕೆಯೂ ಬೇಕು.